ಮೊದಲು ನಿಂತ ಬಾಗಿಲು

ನಾನು ಸ್ವಂತ ಹೆಸರಿನಲ್ಲಿ ಕಟ್ಟಿದ ಮೊದಲ ಮನೆ ಅಮೆರಿಕದ ಫೋರ್ಟ್ ಮಿಲ್‌ನಲ್ಲಿದೆ. ಇಟ್ಟಿಗೆಯ ಮುಖ, ನಟ್ಟನಡುವೆ ಬಾಗಿಲು, ಅದರ ಆಚೆ ಈಚೆ ಎರಡೆರಡು ಕಿಟಕಿ, ಮೇಲಂತಸ್ತಿನಲ್ಲಿ ಸಾಲಾಗಿ ಐದು. ಇದಕ್ಕೆ ಜಾರ್ಜಿಯನ್ ಶೈಲಿ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಜಾರ್ಜ್ ಅನ್ನುವ ರಾಜರು ಒಬ್ಬರಾದ ಮೇಲೊಬ್ಬರು ಬಂದ ಕಾಲದಲ್ಲಿ ಅಲ್ಲಿನ ಬಿಲ್ಡರುಗಳು ಬೀದಿಗಟ್ಟಲೆ ಇಂಥ ಮನೆಗಳನ್ನು ಕಟ್ಟಿ ಮಾರಿದರಂತೆ. ಇಲ್ಲಿನ ಹೊಸ ಬಡಾವಣೆಗಳಲ್ಲಿ ಈ ಶೈಲಿ ರಸ್ತೆಗೆ ಕಾಣುವ ಗೋಡೆಗೆ ಮಾತ್ರ. ಉಳಿದ ಮೂರು ಗೋಡೆಗೆ ಪ್ಲಾಸ್ಟಿಕ್ ಹಲಗೆ ಹೊಡೆಯುತ್ತಾರೆ. ರಾಜರೇನೂ ಹಿತ್ತಲಿಗೆ ಬಂದು ನೋಡುವುದಿಲ್ಲ.

ನಾನು ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವಳು. ಗಂಡನಿಗೆ ಇಲ್ಲಿಗೆ ಹತ್ತಿರದ ಶಾರ್ಲೆಟ್‌ನ ಬ್ಯಾಂಕೊಂದರಲ್ಲಿ ಕೆಲಸ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲವಾದ್ದರಿಂದ ಮೊದಲ ಆರು ವರ್ಷ ನಾನು ಕಟ್ಟಿದ್ದೆಲ್ಲ ಮಗಳ ಪ್ಲಾಸ್ಟಿಕ್ ಬ್ಲಾಕಿನ ಮನೆಗಳು. ಅವುಗಳಲ್ಲಿ ಒಂದೂ ಸೋರಲಿಲ್ಲ. ಆಮೇಲೆ ಅನುಮತಿ ಸಿಕ್ಕಿ ಒಂದು ದೊಡ್ಡ ಬಿಲ್ಡರ್ ಕಂಪನಿಯಲ್ಲಿ ಸೈಟ್ ಸೂಪರ್‌ವೈಸರನ ಸಹಾಯಕಿಯಾದೆ. ಮನೆ ಮುಗಿದ ಮೇಲೆ ಒಳಗೆಲ್ಲ ಅಡ್ಡಾಡಿ, ಗೀರು, ಬಿರುಕು, ಸೊಟ್ಟ ಕಂಡಲ್ಲೆಲ್ಲ ನೀಲಿ ಟೇಪಿನ ತುಂಡು ಅಂಟಿಸುವುದು ನನ್ನ ಕೆಲಸ. ಮೂರು ವರ್ಷ ಬೇರೆಯವರ ತಪ್ಪಿಗೆ ಟೇಪ್ ಅಂಟಿಸಿದೆ. ಆ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿತ್ತು. ನನ್ನ ಕಣ್ಣು ತಪ್ಪಿಸಿ ಏನೂ ಉಳಿಯುತ್ತಿರಲಿಲ್ಲ, ಸಿಟ್ಟು ಬೇರೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಣ್ಣ ಬಳಿಯುವವರು ನನ್ನ ಕಾರು ಕಂಡರೆ ಊಟಕ್ಕೆ ಹೊರಟುಬಿಡುತ್ತಿದ್ದರು.

೨೦೨೦ರಲ್ಲಿ ಎಲ್ಲರೂ ಮನೆಯೊಳಗೆ ಕೂತರು. ಕೂತು ಕೂತು, ಇರುವ ಮನೆ ಸಾಲದು ಅನ್ನುವುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಮರದ ಬೆಲೆ ಆಕಾಶಕ್ಕೆ ಏರಿತು, ಕಿಟಕಿಗಳು ಬರಲು ಐದಾರು ತಿಂಗಳು ಹಿಡಿಯತೊಡಗಿತು. ಬುದ್ಧಿ ಇರುವವರು ಯಾರೂ ಹೊಸದಾಗಿ ಬಿಲ್ಡರ್ ಆಗಬಾರದ ಆ ಹೊತ್ತಿನಲ್ಲಿ ನಾನು ಲೈಸೆನ್ಸ್ ಪರೀಕ್ಷೆ ಪಾಸು ಮಾಡಿದೆ.

ನನ್ನನ್ನು ನಂಬಿ ಮೊದಲು ಬಂದವರು ವಿಜಯಪುರದ ಕಡೆಯ ಒಬ್ಬ ಡಾಕ್ಟರು. ಆಪರೇಷನ್‌ಗೆ ಮುಂಚೆ ರೋಗಿಗೆ ಅರಿವಳಿಕೆ ಕೊಡುವವರು. ಮಾತು ಕಡಿಮೆ, ದನಿ ಇನ್ನೂ ಕಡಿಮೆ. ಅವರ ಹೆಂಡತಿಯೂ ಡಾಕ್ಟರು. ಆಕೆ ಅಡುಗೆಮನೆಯ ಪಟ್ಟಿಯನ್ನು ಫೋನಿಗೆ ಕಳಿಸಿ ಆ ವಿಷಯ ಮುಗಿಸಿದ್ದರು. ಡಾಕ್ಟರು ಇಲ್ಲಿಗೆ ಬಂದ ಹೊಸತರಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ದಾರಿಯಲ್ಲಿ ಒಂದು ಹಳೆಯ ಇಟ್ಟಿಗೆ ಮನೆ ಇತ್ತಂತೆ. ಬಾಗಿಲು ನಡುವೆ, ಎರಡೂ ಕಡೆ ಎಲ್ಲ ಸರಿಸಮ. ಅದನ್ನು ನೋಡಿದರೆ ತಲೆ ತಣ್ಣಗಾಗುತ್ತಿತ್ತಂತೆ. "ಮೇಡಂ, ನನಗೆ ಬೇರೆ ಏನೂ ಡಿಮ್ಯಾಂಡ್ ಇಲ್ಲ. ಎರಡೂ ಸೈಡ್ ಈಕ್ವಲ್ ಇರ್ಬೇಕು, ಅಷ್ಟೇ" ಅಂದರು. ಇಷ್ಟು ಸುಲಭದ ಗಿರಾಕಿ ಸಿಕ್ಕಿದ್ದು ನನ್ನ ಪುಣ್ಯ ಅಂದುಕೊಂಡೆ.

ಅವರ ತಾಯಿ ಆರು ತಿಂಗಳಿಗೆಂದು ಬಂದಿದ್ದರು. ಎಪ್ಪತ್ತರ ಆಸುಪಾಸು, ಇಳಕಲ್ ಸೀರೆ, ಮೇಲೆ ಮಗನ ದಪ್ಪ ಜಾಕೆಟ್. ನಾನು ಆಂಟಿ ಅಂದಾಗ, "ಆಂಟಿ ಅಂದ್ರ ಯಾರನ್ನೋ ಕರದಂಗ ಆಗತೈತಿ" ಅಂದರು. ಅಂದಿನಿಂದ ಅಮ್ಮ ಅಂದೆ. ಅವರ ಬೇಡಿಕೆಯೂ ಒಂದೇ.

"ಬಾಗ್ಲಾ ಮೊದಲ ನಿಂದ್ರಬೇಕು ಯವ್ವಾ. ಗ್ವಾಡಿ ಅದರ ಹಿಂದ ಬರ್ತಾವು."

ನಮ್ಮ ಕಡೆ ಹಾಗೇ ಅಲ್ಲವೇ. ಪಾಯ ಆದ ಮೇಲೆ ಮುಹೂರ್ತ ನೋಡಿ ತಲೆಬಾಗಿಲಿನ ಚೌಕಟ್ಟು ನಿಲ್ಲಿಸುತ್ತಾರೆ, ಹೊಸ್ತಿಲ ಕೆಳಗೆ ನವರತ್ನದ ಚೂರು ಇಡುತ್ತಾರೆ, ಗೋಡೆ ಎದ್ದು ಬಂದು ಚೌಕಟ್ಟನ್ನು ಸೇರಿಕೊಳ್ಳುತ್ತದೆ. ನಿಂತ ಬಾಗಿಲನ್ನು ಮತ್ತೆ ಕೀಳುವುದಿಲ್ಲ. ಅಮೆರಿಕದಲ್ಲಿ ಇದು ಪೂರ್ತಿ ಉಲ್ಟಾ. ಮರದ ಗೋಡೆ ಎದ್ದು, ಮೇಲೆ ಛಾವಣಿ ಕೂತು, ಕೊನೆಗೊಂದು ದಿನ ಚೌಕಟ್ಟು ಕದ ಎಲ್ಲ ಸೇರಿದ ಬಾಗಿಲು ಪೆಟ್ಟಿಗೆಯಲ್ಲಿ ಬರುತ್ತದೆ. ಇಬ್ಬರು ಅದನ್ನು ಖಾಲಿ ಜಾಗಕ್ಕೆ ತೂರಿಸಿ ಮೊಳೆ ಹೊಡೆದು ಹೋಗುತ್ತಾರೆ. ನಾನು ಇದನ್ನೆಲ್ಲ ವಿವರಿಸಿದೆ. ಅಮ್ಮ ಕೊನೆಯವರೆಗೂ ಕೇಳಿಸಿಕೊಂಡು, "ಅದಕ್ಕ ಇಲ್ಲಿ ಮಂದಿ ಮನಿ ಮ್ಯಾಲ ಮನಿ ಬದಲ ಮಾಡ್ತಾರ" ಅಂದರು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಆಗಲಿ ಅಂದೆ. ಕಟ್ಟಿಗೆ ಕೆಲಸದ ಅಂಗಡಿಯೊಂದರಲ್ಲಿ ಗಟ್ಟಿ ಮರದ ಚೌಕಟ್ಟು ಮಾಡಿಸಿದೆ. ಹೊಸ್ತಿಲು ಒಂದೂವರೆ ಇಂಚಿಗಿಂತ ಎತ್ತರ ಇರಬಾರದೆಂದು ಇಲ್ಲಿನ ನಿಯಮ. ಅಮ್ಮ ಅದನ್ನು ನೋಡಿ, ಇದಕ್ಕೆ ಎಡವಲಿಕ್ಕೂ ಆಗುವುದಿಲ್ಲ ಎಂದು ಬೇಸರ ಮಾಡಿಕೊಂಡರು.

೨೦೨೨ರ ವಸಂತದಲ್ಲಿ ಪಾಯದ ಮೇಲೆ ನೆಲದ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಮುಗಿಸಿದೆವು. ಅಮ್ಮನ ವಿಮಾನ ಗುರುವಾರಕ್ಕೆ. ಪೂಜೆ ಅದರ ಹಿಂದಿನ ಶನಿವಾರ ಬೆಳಿಗ್ಗೆ. ಪುರೋಹಿತರಿಗೆ ಆ ದಿನ ಇನ್ನೂ ಎರಡು ಕಡೆ ಕಾರ್ಯಕ್ರಮ. ಬಂದವರೇ ವಾಚು ನೋಡಿಕೊಂಡು, ಹದಿನೆಂಟು ನಿಮಿಷ ಇದೆ ಅಂದರು. ಮನೆಯ ಅಗಲ ಐವತ್ತು ಅಡಿ. ಎಡಗಡೆಯ ಅಂಚಿನಿಂದ ಇಪ್ಪತ್ತೈದು ಅಡಿಗೆ ಗುರುತು ಹಾಕಿ ಚೌಕಟ್ಟಿನ ನಡುಗೆರೆಯನ್ನು ಅದರ ಮೇಲೆ ಕೂರಿಸಿದರೆ ಮುಗಿಯಿತು. ಇದಕ್ಕೆ ಎಂಜಿನಿಯರಿಂಗ್ ಬೇಕಾಗಿಲ್ಲ.

ನನ್ನ ಅಳತೆ ಟೇಪಿನ ತುದಿಯ ಕೊಕ್ಕೆ ಬಾಗಿತ್ತು. ಹಾಗಿದ್ದಾಗ ಕಸುಬಿನವರು ತುದಿಯನ್ನು ಬಿಟ್ಟು, ಒಂದು ಅಡಿಯ ಗೆರೆಯನ್ನು ಅಂಚಿಗೆ ಹಿಡಿಯುತ್ತಾರೆ. ಈ ಕಡೆ ಓದುವವರು ಒಂದು ಅಡಿ ಸೇರಿಸಿಕೊಂಡು ಗುರುತು ಹಾಕಬೇಕು. ಡಾಕ್ಟರಿಗೆ ಒಂದು ಅಡಿಯ ಗೆರೆ ಹಿಡಿಯಿರಿ ಅಂದೆ. ಯಾಕೆ ಅಂತ ಕೇಳಿದರು. ಈ ಗುಟ್ಟನ್ನು ಹೇಳಿಕೊಡುವ ಖುಷಿಯಲ್ಲಿ ಸ್ವಲ್ಪ ಉದ್ದವಾಗಿಯೇ ಹೇಳಿದೆ. ಪುರೋಹಿತರು ಎಂಟು ನಿಮಿಷ ಅಂದರು. ನಾನು ಟೇಪಿನ ಇಪ್ಪತ್ತೈದಕ್ಕೆ ಗುರುತು ಹಾಕಿದೆ.

ಹಾಕಬೇಕಾದದ್ದು ಇಪ್ಪತ್ತಾರಕ್ಕೆ. ಅದು ಆಗ ನನಗೆ ಹೊಳೆಯಲಿಲ್ಲ. ಕಾಂಕ್ರೀಟಿನಲ್ಲಿ ಅಂಗೈ ಅಗಲದ ಗುಳಿ ಕೊರೆದೆ. ಅಮ್ಮ ನವರತ್ನದ ಚೂರಿದ್ದ ಹಳದಿ ಬಟ್ಟೆಯ ಗಂಟನ್ನು ಅದರಲ್ಲಿಟ್ಟರು. ಚೌಕಟ್ಟು ನಿಲ್ಲಿಸಿ, ಹಿಂದೆ ಎರಡು ಓರೆ ಹಲಗೆ ಕೊಟ್ಟು ಬಿಗಿದೆವು. ಅರಿಶಿನ, ಕುಂಕುಮ, ಇಂಡಿಯನ್ ಅಂಗಡಿಯ ಮಾವಿನ ಸೊಪ್ಪು. ಸುತ್ತ ಗೋಡೆಯೂ ಇಲ್ಲ, ಕಂಬವೂ ಇಲ್ಲ. ಬೋಳು ಕಾಂಕ್ರೀಟಿನ ಮೇಲೆ ಒಂದು ಬಾಗಿಲು ಮಾತ್ರ. ಅದು ಒಂದು ಅಡಿ ಎಡಕ್ಕಿದೆ ಅಂತ ಹೇಳುವುದಕ್ಕೆ ಪಕ್ಕದಲ್ಲಿ ಏನೂ ಇರಲಿಲ್ಲ. ಎಲ್ಲರೂ ಫೋಟೊ ತೆಗೆಸಿಕೊಂಡೆವು.

ಹೊಸ್ತಿಲು ಇಟ್ಟ ಮೇಲೆ ಅದನ್ನು ದಿನಾ ತೊಳೆದು ರಂಗೋಲಿ ಹಾಕಬೇಕು. ಅಮ್ಮ ಅದನ್ನೂ ಬಿಡಲಿಲ್ಲ. ಭಾನುವಾರದಿಂದ ಮಗ ಆಸ್ಪತ್ರೆಗೆ ಹೋಗುವ ಮುಂಚೆ ಅವರನ್ನು ಸೈಟಿಗೆ ಕರೆತರುತ್ತಿದ್ದರು. ಮಗ ಕಾರಿನಲ್ಲೇ ಕೂತು ಫೋನ್ ನೋಡುತ್ತಿದ್ದರು. ಅಮ್ಮ ಗ್ಯಾಲನ್ ಕ್ಯಾನಿನ ನೀರಿನಿಂದ ಹೊಸ್ತಿಲು ತೊಳೆದು, ರಂಗೋಲಿ ಎಳೆದು, ಚೌಕಟ್ಟಿನೊಳಗಿಂದ ಹಾದು ಆ ಕಡೆ ಹೋಗಿ ಒಂದು ನಿಮಿಷ ನಿಂತು, ಮತ್ತೆ ಅದರೊಳಗಿಂದಲೇ ಹಾದು ಬರುತ್ತಿದ್ದರು.

ಸೋಮವಾರ ಗೋಡೆಯ ಕೆಲಸದ ಬಡಗಿಗಳು ಬಂದರು. ಅವರ ಮೇಸ್ತ್ರಿ ಹೊಂಡುರಾಸ್ ದೇಶದವನು, ಐವತ್ತು ದಾಟಿದವನು, ನನ್ನ ಹಳೆಯ ಕಂಪನಿಯ ಕಾಲದಿಂದ ಪರಿಚಯ. ಖಾಲಿ ಸ್ಲ್ಯಾಬಿನ ಮೇಲೆ ನಿಂತ ಬಾಗಿಲನ್ನು ನೋಡಿ ಅವನು ಟೋಪಿ ತೆಗೆದ. ಅವನ ಆಳುಗಳು ಸಹಜವಾಗಿ ಪಕ್ಕದಿಂದ ಒಳಗೆ ಹೋದರು. ಅಮ್ಮ ಅದನ್ನು ಸಹಿಸಲಿಲ್ಲ.

"ಬಾಗ್ಲಾ ಇರೂದು ಯಾತಕ್ಕ? ಅದರಾಗ ಹಾದು ಬರ್ರಿ ಅಂತ ಹೇಳು ಅವ್ರಿಗೆ."

ನಾನು ಇಂಗ್ಲಿಷಿನಲ್ಲಿ ಹೇಳಿದೆ, ಮೇಸ್ತ್ರಿ ಸ್ಪ್ಯಾನಿಷಿನಲ್ಲಿ ಹೇಳಿದ. ಅಂದಿನಿಂದ ಆರು ಮಂದಿ ಬಡಗಿಗಳು, ಹೆಗಲ ಮೇಲೆ ಹದಿನಾರು ಅಡಿಯ ಮರ ಹೊತ್ತು, ನಾಲ್ಕೂ ಕಡೆ ಬಯಲಾಗಿದ್ದ ಜಾಗಕ್ಕೆ ಒಬ್ಬರ ಹಿಂದೊಬ್ಬರು ಬಾಗಿಲಿನಿಂದಲೇ ಹೋಗಿ ಬರತೊಡಗಿದರು. ರಸ್ತೆಯಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಒಬ್ಬ ಹೆಂಗಸು ನಿಂತು ನೋಡಿದಳು. ನಾನು ಕೈ ಬೀಸಿದೆ.

ಅಮ್ಮ ಹೋದ ಮೇಲೆ ಮೇಸ್ತ್ರಿ ಗೋಡೆಯ ಗೆರೆ ಹೊಡೆದ. ಆಮೇಲೆ ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, ಬಾಗಿಲು ಒಂದು ಅಡಿ ಎಡಕ್ಕಿದೆ ಅಂದ. ನಾನು ಸಿಟ್ಟಿನಿಂದ ನಿನ್ನ ಟೇಪ್ ಸರಿ ಇಲ್ಲ ಅಂದೆ. ಅವನು ಟೇಪನ್ನು ನನ್ನ ಕೈಗೇ ಕೊಟ್ಟ. ಅಳೆದೆ. ಎಡಕ್ಕೆ ಇಪ್ಪತ್ತನಾಲ್ಕು, ಬಲಕ್ಕೆ ಇಪ್ಪತ್ತಾರು. ಮೂರು ವರ್ಷ ಊರವರ ಗೀರಿಗೆಲ್ಲ ನೀಲಿ ಟೇಪ್ ಅಂಟಿಸಿದ ನನಗೆ ಎಲ್ಲಾದರೂ ಹೋಗಿ ಕೂತುಬಿಡೋಣ ಅನ್ನಿಸಿತು.

ದಾರಿ ಹುಡುಕಿದೆ. ಮನೆಯನ್ನೇ ಎಡಕ್ಕೆ ಎರಡು ಅಡಿ ಬೆಳೆಸಿದರೆ ಬಾಗಿಲು ನಡುವೆ ಬರುತ್ತದೆ, ಆದರೆ ಪಕ್ಕದ ಗಡಿಯಿಂದ ಬಿಡಬೇಕಾದ ಜಾಗಕ್ಕೆ ಆರು ಇಂಚು ಕೊರತೆ. ಕಿಟಕಿಗಳನ್ನು ಸರಿಸೋಣವೆಂದರೆ ಡಾಕ್ಟರು ಕೇಳಿದ್ದ ಒಂದೇ ಒಂದು ವಿಷಯ ಹೋಯಿತು. ಉಳಿದದ್ದು ಬಾಗಿಲನ್ನು ಕಿತ್ತು ಒಂದು ಅಡಿ ಬಲಕ್ಕೆ ಇಡುವುದು. ಅರ್ಧ ಗಂಟೆಯ ಕೆಲಸ. ಅಮ್ಮ ಗುರುವಾರ ಹೊರಟುಬಿಡುತ್ತಾರೆ; ಶುಕ್ರವಾರ ಸರಿಸಿದರೆ ಭೂಮಿಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಮೇಸ್ತ್ರಿಗೆ ಅದನ್ನೇ ಹೇಳಿದೆ. ಪೂಜೆ ಮಾಡಿದ ಬಾಗಿಲು, ನಾನು ಮುಟ್ಟುವುದಿಲ್ಲ, ಬೇಕಾದರೆ ನೀವೇ ಸರಿಸಿಕೊಳ್ಳಿ ಅಂದ. ಅವನನ್ನು ಹಿಂದಿನ ಗೋಡೆ ಮೊದಲು ಎಬ್ಬಿಸಲು ಕಳಿಸಿದೆ.

ಮಂಗಳವಾರ ಅಮ್ಮ ಬಡಗಿಗಳಿಗೆಲ್ಲ ಶೇಂಗಾ ಹೋಳಿಗೆ ತಂದರು. ಹಂಚಿ ಮುಗಿಸಿ, ಹೊಸ್ತಿಲ ಪಕ್ಕ ಒಂದು ಪೇಂಟಿನ ಡಬ್ಬಿಯ ಮೇಲೆ ಕೂತು ನನ್ನನ್ನು ಕರೆದರು.

"ಈ ಮನ್ಯಾಗ ಏನೇನ್ ಇರಬೇಕು ಅಂತ ಅವ್ರಿಬ್ರೂ ಫೋನಿನ್ಯಾಗ ನೋಡಿ ಠರಾವ್ ಮಾಡ್ಯಾರ. ಮಾಡ್ಲಿ, ಅವರ ಮನಿ. ಇದೊಂದು ನಂದು. ಮತ್ತ ಬರ್ತೀನೋ ಇಲ್ಲೋ, ನಾ ಇಟ್ಟ ಬಾಗ್ಲಾ ಅಂತೂ ಇರ್ತೈತಿ."

ನಾನು ಹೋಳಿಗೆ ಚೆನ್ನಾಗಿದೆ ಅಂದೆ.

ಆ ದಿನವೆಲ್ಲ ಅದೇ ಕೊರೆಯಿತು. ಮನೆಗೆ ಬಂದು ಗಂಡನ ಮೇಲೆ ವಿನಾಕಾರಣ ರೇಗಿದೆ. ಅವರು ಕಾರಣ ಕೇಳಿದರು, ಹೇಳಿದೆ. "ಮೂವ್ ಮಾಡಿ ಸುಮ್ನಿದ್ಬಿಡು. ಯಾಕೆ ತಲೆ ಕೆಡಿಸ್ಕೋತೀಯ?" ಅಂದರು. ಅವರು ಹಾಗೆ ಅಂದದ್ದರಿಂದಲೇ ಇರಬೇಕು, ಹೇಳಿಯೇ ಬಿಡುತ್ತೇನೆ ಎಂದು ನಿರ್ಧರಿಸಿದೆ. ನನ್ನ ಮೊದಲ ಮನೆ ಸುಳ್ಳಿನ ಮೇಲೆ ಏಳಬಾರದು ಎಂಬಂಥ ದೊಡ್ಡ ದೊಡ್ಡ ಮಾತುಗಳು ತಲೆಯಲ್ಲಿ ಬಂದವು. ಆ ಮಾತುಗಳು ನನಗೆ ಬಹಳ ಹಿಡಿಸಿದವು.

ಬುಧವಾರ ಬೆಳಿಗ್ಗೆ ಅಮ್ಮ ರಂಗೋಲಿ ಎಳೆಯುತ್ತಿದ್ದಾಗ ಹತ್ತಿರ ಕೂತು ಹೇಳಿದೆ.

"ಅಮ್ಮ, ಬಾಗಿಲು ನಡುವೆ ಇಲ್ಲ. ಒಂದಡಿ ಎಡಕ್ಕೆ ಬಂದಿದೆ. ನಾನೇ ಅಳತೆ ತಪ್ಪಿದ್ದು."

ಅವರು ಎಳೆ ಮುಗಿಸಿ ಕೈ ಎತ್ತಿದರು. "ಒಂದು ಫೂಟು?"

"ಹೂಂ."

"ಅವಗ ಹೇಳಿಯೇನು?"

"ಇನ್ನೂ ಇಲ್ಲ."

"ಹೇಳು ಮತ್ತ. ಮನಿ ಅವಂದೈತಿ."

ಕಾರಿನ ಹತ್ತಿರ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೂ ವಾದಿಸಲು ಏನಾದರೂ ಸಿಗುತ್ತಿತ್ತು. ಇಳಿದು ಬಂದು ಟೇಪ್ ಕೇಳಿ ತೆಗೆದುಕೊಂಡು, ಎರಡೂ ಕಡೆ ತಾವೇ ಅಳೆದರು. "ನೀವು ಒಂದಡಿ ಮಾರ್ಕ್ ಹಿಡೀರಿ ಅಂದ್ರಿ, ನಾನು ಹಿಡಿದೆ" ಅಂದರು. ಹೌದು ಅಂದೆ. "ಮೂವ್ ಮಾಡೋಕೆ ಎಷ್ಟು ಹೊತ್ತು ಬೇಕು?"

"ಅರ್ಧ ಗಂಟೆ."

"ಮಾಡಿ."

ಅಮ್ಮ ಎದ್ದು ನಿಂತರು. "ನಿಂತ ಬಾಗ್ಲಾ ಕೀಳಬಾರದಪಾ. ಕಿಡಕಿ ಬೇಕಾದ್ರ ಸರಸ್ರಿ."

ಡಾಕ್ಟರು ಟೇಪನ್ನು ಸುತ್ತಿಕೊಳ್ಳುತ್ತಾ, ದನಿ ಏರಿಸದೆ, ಔಷಧಿಯ ಪ್ರಮಾಣ ಹೇಳುವಷ್ಟೇ ಸಮಾಧಾನದಲ್ಲಿ ಹೇಳಿದರು. "ಅವ್ವಾ, ಈ ಮನ್ಯಾಗ ಇರಾಂವ ನಾನು. ನೀ ನಾಳೆ ಹೊಂಟಾಕಿ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಟ್ಟದ್ದೂ ಇರಲಿಲ್ಲ. ಅವರಿಗೆ ಒಂಬತ್ತಕ್ಕೆ ಮೊದಲ ಆಪರೇಷನ್ ಇತ್ತು. ಅಮ್ಮ ಮಗನ ಮುಖ ನೋಡಿದರು.

"ಹೌದಪಾ. ಖರೇ ಐತಿ" ಅಂದರು. ಆಮೇಲೆ ನನಗೆ, "ಹಂಗಾರ ಈಗ ಕೀಳ್ರಿ. ನಾ ಇದ್ದಾಗ ಆಗ್ಲಿ."

ಮುಟ್ಟುವುದಿಲ್ಲ ಅಂದಿದ್ದ ಮೇಸ್ತ್ರಿ ಅಮ್ಮನ ಕಡೆ ನೋಡಿದ. ಅವರು ತಲೆ ಆಡಿಸಿದ ಮೇಲೆ ಕೈ ಹಚ್ಚಿದ. ಓರೆ ಹಲಗೆ ಬಿಚ್ಚಿ, ಬೋಲ್ಟ್ ಸಡಿಲಿಸಿ, ಚೌಕಟ್ಟನ್ನು ಎತ್ತಿ ಪಕ್ಕಕ್ಕಿಟ್ಟೆವು. ಅಮ್ಮ ಗುಳಿಯಿಂದ ಹಳದಿ ಗಂಟನ್ನು ತೆಗೆದು ಸೆರಗಿನಲ್ಲಿ ಹಿಡಿದುಕೊಂಡರು. ಈ ಸಲ ನಾನು ಎಡದಿಂದ ಅಳೆದೆ, ಬಲದಿಂದ ಅಳೆದೆ, ಮೇಸ್ತ್ರಿಯ ಕೈಯಲ್ಲೂ ಅಳೆಸಿದೆ. ಹೊಸ ಗುಳಿ ಕೊರೆದೆ. ಅಮ್ಮ ಗಂಟನ್ನು ಇಟ್ಟರು. ಮಂತ್ರವಿಲ್ಲ, ಮುಹೂರ್ತವಿಲ್ಲ. ಹೂವು ಹಳೆಯದೇ. ಡಾಕ್ಟರು ಎರಡು ಸಲ ವಾಚು ನೋಡಿದರು. ಚೌಕಟ್ಟು ನಿಂತಿತು. ಹೊಸ ಹೊಸ್ತಿಲಿಗೆ ಅಮ್ಮ ರಂಗೋಲಿ ಎಳೆಯಲಿಲ್ಲ. ಹಿಟ್ಟು ಮುಗಿದಿದೆ ಅಂದರು. ಡಬ್ಬಿಯಲ್ಲಿ ಅರ್ಧದಷ್ಟು ಇತ್ತು. ಕಾರಿಗೆ ಹೋಗುವಾಗ ಅವರು ಬಾಗಿಲಿನೊಳಗಿಂದ ಹಾದು ಹೋಗಲಿಲ್ಲ. ಪಕ್ಕದಿಂದ ಹೋದರು. ಬಡಗಿಗಳು ಅದನ್ನು ಗಮನಿಸಿದರು, ಸ್ವಲ್ಪ ಹೊತ್ತಿನಲ್ಲಿ ಅವರೂ ಪಕ್ಕದಿಂದಲೇ ಓಡಾಡತೊಡಗಿದರು. ಕೆಲಸ ಬೇಗ ಬೇಗ ಸಾಗಿತು.

ಮನೆ ಮುಗಿಯಲು ಹತ್ತು ತಿಂಗಳು ಹಿಡಿಯಿತು. ಡಾಕ್ಟರಿಗೆ ತೃಪ್ತಿಯಾಯಿತು. ರಸ್ತೆಯ ಆಚೆ ನಟ್ಟನಡುವೆ ನಿಂತು ತೆಗೆದ ಫೋಟೊ ಕಳಿಸಿದರು. ನಾನು ಅದನ್ನು ಫೋನಿನಲ್ಲಿ ಹಿಗ್ಗಿಸಿ ಎರಡೂ ಕಡೆ ಅಳೆದು ನೋಡಿದೆ. ಅಷ್ಟರಲ್ಲಿ ನಾನು ಈ ಕಥೆಯನ್ನು ಎಲ್ಲರಿಗೂ ಹೇಳಿ ಆಗಿತ್ತು. ಕನ್ನಡ ಬಳಗದ ಪಿಕ್ನಿಕ್ಕಿನಲ್ಲಿ ಹೇಳಿದೆ, ಯುಗಾದಿ ಊಟದಲ್ಲಿ ಹೇಳಿದೆ. ಯಾರಿಗೂ ಗೊತ್ತಾಗದ ತಪ್ಪನ್ನು ತಾನಾಗಿ ಒಪ್ಪಿಕೊಂಡ ಬಿಲ್ಡರ್ ಎಂದು ಹೆಸರಾಯಿತು. ಎರಡನೆಯ ಮನೆ ಆ ಕಥೆಯಿಂದಲೇ ಸಿಕ್ಕಿತು, ಮೂರನೆಯದೂ. ಡಾಕ್ಟರು ತಾಯಿಗೆ ಹೇಳಿದ ಮಾತನ್ನು ಮಾತ್ರ ನಾನು ಎಲ್ಲೂ ಹೇಳುತ್ತಿರಲಿಲ್ಲ. ಅದು ಅವರ ಮನೆಯ ವಿಷಯ ಅಂದುಕೊಂಡಿದ್ದೆ.

ಮೂರನೆಯ ಮನೆಯ ಕೆಲಸ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ವಿಜಯಪುರದಿಂದ ಅಮ್ಮನ ಫೋನ್ ಬಂತು.

"ನಾನವಾ, ಡಾಕ್ಟರನ ಅವ್ವ. ನನ್ನ ತಂಗಿ ಅಳಿಯ ಅಲ್ಲೇ ನಿಮ್ಮ ಬಾಜೂಕ ರಾಕ್ ಹಿಲ್‌ನಾಗ ಅದಾನ. ಮನಿ ಕಟ್ಟಸಬೇಕಂತ. ನಿನ್ನ ಹೆಸರ ಹೇಳೀನಿ."

ನನಗೆ ಬಹಳ ಸಂತೋಷವಾಯಿತು. ಅವರ ಆರೋಗ್ಯ ಕೇಳಿದೆ, ಮೊಣಕಾಲು ಕೇಳಿದೆ. ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಿದೆ. ಅದಕ್ಕೆ ಉತ್ತರ ಹೇಳದೆ, "ಒಂದು ಮಾತು ಕೇಳ್ಲಿ?" ಅಂದರು.

"ಕೇಳಿ ಅಮ್ಮ."

"ಅವತ್ತ ನನಗ್ಯಾಕ ಹೇಳಿದಿ?"

ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧವಾದ ಉತ್ತರವಿತ್ತು, ಎಷ್ಟೋ ಊಟಗಳಲ್ಲಿ ಹೇಳಿದ್ದು. "ತಪ್ಪು ಮುಚ್ಚಿಡಬಾರ್ದು ಅನ್ನಿಸ್ತು ಅಮ್ಮ."

"ಎರಡು ದಿನ ತಡದಿದ್ರ ನಾ ಊರಿಗೆ ಹೋಗಿರ್ತಿದ್ದೆ. ನೀವು ಸರಸಿ ಇಟ್ಟಿರ್ತಿದ್ರಿ. ನನ್ನ ಬಾಗ್ಲಾ ಅಲ್ಲೇ ಐತಿ ಅಂತ ನಾ ತಿಳಕೊಂಡಿರ್ತಿದ್ದೆ. ಅವನ ಬಾಯಾಗಿನ ಆ ಮಾತು ನನ್ನ ಕಿವಿಗೆ ಬೀಳ್ತಿದ್ದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಸೈಟಿನ ಮುಂದೆ ನನ್ನ ಪಿಕಪ್ ಟ್ರಕ್ಕಿನಲ್ಲಿ ಕೂತಿದ್ದೆ, ಎಂಜಿನ್ ಆರಿಸಿದೆ.

"ನನ್ ಮನಸ್ಸು ತಡೀಲಿಲ್ಲ ಅಮ್ಮ" ಅಂದೆ. ಅದು ನಿಜವಾದ ಉತ್ತರ. ಅಲ್ಲಿಯವರೆಗೆ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೂ ಕೂಡ.

"ಹೌದವಾ. ನಿನ್ನ ಮನಸ್ಸು ಹಗರ ಆತು" ಅಂದರು.

ಆಮೇಲೆ ರಾಕ್ ಹಿಲ್‌ನ ಅಳಿಯನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದರು. ನಾನು ಬರೆದುಕೊಂಡೆ.